ಬೋಫಾ ನನ್ನ ಬದಲಿ

ನಮ್ಮೂರ ಹೊಳೆ ಒಬ್ಬರನ್ನು ಆ ದಂಡೆಗೆ ಬಿಡಬೇಕಾದರೆ ಆ ದಂಡೆಯಿಂದ ಒಬ್ಬರು ಈ ದಂಡೆಗೆ ಬರಬೇಕು. ಒಬ್ಬರಿಗೆ ಒಬ್ಬರು, ಅಷ್ಟೇ. ಒಂದು ತಲೆ ಹೆಚ್ಚಾದರೂ ದೋಣಿ ನಡುನೀರಿನವರೆಗೆ ಹೋಗಿ, ಸಂಜೆಯ ಎಮ್ಮೆ ಕೊಟ್ಟಿಗೆಗೆ ತಿರುಗುವ ಹಾಗೆ ತಾನಾಗಿ ತಿರುಗಿ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಹುಟ್ಟು ಹಾಕಿದರೂ ಅಷ್ಟೇ, ಮೋಟಾರು ಕಟ್ಟಿದರೂ ಅಷ್ಟೇ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಿಮ್ಮೂರಲ್ಲಿ ನೀರು ತಗ್ಗಿಗೇ ಯಾಕೆ ಹರಿಯುತ್ತದೆ ಅಂತ ನಾನು ಕೇಳಿದ್ದೇನೆಯೇ?

ಊರು ಒಂದೇ, ದೇಶ ಎರಡು. ಮೂಡಣ ದಂಡೆ ಒಂದು ದೇಶದ್ದು, ಪಡುವಣ ದಂಡೆ ಇನ್ನೊಂದರದ್ದು. ನಾನು ಹುಟ್ಟಿದ್ದು, ಚಾಪೆ ಹೆಣೆಯಲು ಕಲಿತದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲ ಮೂಡಣದಲ್ಲಿ. ಚಾಪೆಗೆ ಗಿರಾಕಿ ಇದ್ದದ್ದು ಮಾತ್ರ ಪಡುವಣದಲ್ಲಿ, ಅಲ್ಲಿ ಹೊಸ ಚಾಪೆ ಹಾಸದೆ ಮದುವೆಯೇ ಆಗುವುದಿಲ್ಲ. ವ್ಯಾಪಾರಕ್ಕೆ ದಾಟುವ ಪ್ರತಿಯೊಬ್ಬರಿಗೂ ಆ ದಂಡೆಯಲ್ಲಿ ಒಬ್ಬರು ಗೊತ್ತಾಗಿರುತ್ತಾರೆ. ಅವರಿಗೆ ಬದಲಿ ಅನ್ನುತ್ತೇವೆ. ನಾನು ಅವಳ ಮನೆಗೆ, ಅವಳು ನನ್ನ ಮನೆಗೆ. ನನ್ನ ಹಾಸಿಗೆಯಲ್ಲಿ ಅವಳು, ಅವಳ ಹಾಸಿಗೆಯಲ್ಲಿ ನಾನು. ಒಮ್ಮೆ ಬದಲಿ ಅಂತ ಗೊತ್ತಾದ ಮೇಲೆ ಹೊಳೆ ಬೇರೆಯವರನ್ನು ಒಪ್ಪುವುದಿಲ್ಲ. ಯಾರ ಬದಲಿಗೆ ಹೋದೆಯೋ ಅವಳ ಬದಲಿಗೇ ವಾಪಸ್ಸು ಬರಬೇಕು. ಬದಲಿ ಸತ್ತರೆ ಉಳಿದವರು ಇದ್ದಲ್ಲೇ ಉಳಿದರು. ಅಂಥವರು ಎರಡೂ ದಂಡೆಯಲ್ಲಿ ಮೂರು ನಾಲ್ಕು ಜನ ಇದ್ದರು. ಹಬ್ಬದ ದಿನ ಅವರ ಮನೆಗೆ ಮೊದಲು ಅಡುಗೆ ಕಳಿಸುವುದು ರೂಢಿ.

ಇದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೆವು. ಪಡುವಣದಲ್ಲಿ ಮದುವೆಯಿದ್ದು ಮೂಡಣದಿಂದ ನಲವತ್ತು ಜನ ಹೋಗಬೇಕಾದರೆ, ಮೂಡಣದಲ್ಲಿ ಕೊಯ್ಲು ಬರುವ ತನಕ ಕಾದು, ಪಡುವಣದಿಂದ ನಲವತ್ತು ಆಳು ಕೊಯ್ಲಿಗೆ ಬರುವಾಗ ಮುಹೂರ್ತ ಇಡುತ್ತಿದ್ದರು. ಬಸುರಿಗೆ ಏಳು ತುಂಬಿದರೆ ಅಂಬಿಗರು ದೋಣಿಗೆ ಹತ್ತಿಸುತ್ತಿರಲಿಲ್ಲ. ಹೋಗುವಾಗ ಒಬ್ಬಳು ಬರುವಾಗ ಇಬ್ಬರು ಆದರೆ ಹೊಳೆಗೆ ಉತ್ತರ ಕೊಡುವವರು ಯಾರು? ನನ್ನ ಅಜ್ಜಿಯ ಕಾಲದಲ್ಲಿ ಮೂಡಣದ ಸರ್ಕಾರ ಮುನ್ನೂರು ಸಿಪಾಯಿಗಳನ್ನು ಯುದ್ಧಕ್ಕೆ ಅಂತ ದಾಟಿಸಲು ಹೋಯಿತಂತೆ. ಆ ಕಡೆಯಿಂದ ಮುನ್ನೂರು ಜನ ಹೊರಡುವ ತನಕ ಇವರ ದೋಣಿ ನಡುಹೊಳೆ ದಾಟಲಿಲ್ಲ. ಕೊನೆಗೆ ಒಬ್ಬರ ಮುಖ ಒಬ್ಬರು ನೋಡದೆ ಎದುರುಬದುರು ದಾಟಿ, ಒಬ್ಬರ ಠಾಣೆಯಲ್ಲಿ ಇನ್ನೊಬ್ಬರು ಒಂದು ವಾರ ಅನ್ನ ಬೇಯಿಸಿಕೊಂಡು ತಿಂದು ಮನೆಗೆ ಬಂದರು. ಆಮೇಲೆ ಯುದ್ಧದ ಮಾತನ್ನು ಯಾರೂ ಎತ್ತಲಿಲ್ಲ.

ನನ್ನ ಬದಲಿ ಬೋಫಾ. ಮಣ್ಣಿನ ಒಲೆ ಮಾಡಿ ಮೂಡಣದ ಸಂತೆಯಲ್ಲಿ ಮಾರುತ್ತಿದ್ದಳು. ಒಂಟಿ ಹೆಂಗಸು, ಎತ್ತರದ ಆಳು, ಮಾತು ಕಡಿಮೆ. ಎರಡು ದಂಡೆಯಿಂದಲೂ ದೋಣಿ ಹೊರಟು ನಡುಹೊಳೆಯಲ್ಲಿ ಪಕ್ಕಕ್ಕೆ ಪಕ್ಕ ತಾಗಿ ನಿಲ್ಲುತ್ತವೆ. ಅಲ್ಲಿ ನಾನು ಅವಳ ದೋಣಿಗೆ, ಅವಳು ನನ್ನ ದೋಣಿಗೆ ಕಾಲಿಡಬೇಕು. ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈ ಅವಳ ಕೈಯಲ್ಲಿ. ಹಾಗೆ ಹಿಡಿದುಕೊಂಡಾಗಲೇ ಅವಳ ಮನೆಯ ಬೀಗದ ಕೈ ನನ್ನ ಅಂಗೈಗೆ, ನನ್ನದು ಅವಳದಕ್ಕೆ. ಇಪ್ಪತ್ತಾರು ವರ್ಷ ಹೀಗೆ ದಾಟಿದ್ದೇವೆ. ಎದುರೆದುರು ನಿಂತು ಮಾತಾಡಿದ ಹೊತ್ತನ್ನೆಲ್ಲ ಕೂಡಿಸಿದರೆ ಒಂದು ಅನ್ನ ಬೇಯುವಷ್ಟೂ ಆಗಲಿಕ್ಕಿಲ್ಲ.

ಆದರೂ ಅವಳಷ್ಟು ನನ್ನನ್ನು ಬಲ್ಲವರು ಇಲ್ಲ. ನನ್ನ ಮನೆಯ ಬಾಗಿಲು ಮಳೆಗಾಲದಲ್ಲಿ ಊದಿಕೊಂಡು ಕಚ್ಚಿಕೊಳ್ಳುತ್ತದೆ, ಮೊಣಕಾಲು ಕೊಟ್ಟು ಎತ್ತಬೇಕು, ಅದು ಅವಳಿಗೆ ಗೊತ್ತು. ಅವಳು ಮಂಚದ ಗೋಡೆಯ ಕಡೆಗೇ ಮಲಗುತ್ತಾಳೆ, ಅಲ್ಲೊಂದು ಗುಳಿ ಬಿದ್ದಿದೆ, ಅದು ನನಗೆ ಗೊತ್ತು. ಬಂದಾಗಲೆಲ್ಲ ನನ್ನ ಒಲೆಗೆ ಹೊಸ ಮಣ್ಣು ಮೆತ್ತಿ ಹೋಗುತ್ತಿದ್ದಳು. ನಾನು ಅವಳ ಮಂಚಕ್ಕೆ ಹೊಸ ಚಾಪೆ ಹಾಸಿ ಬರುತ್ತಿದ್ದೆ. ಮೀನುರಸದ ಜಾಡಿಯನ್ನು ಮಾತ್ರ ಮೇಲಿನ ಹಲಗೆಯಲ್ಲಿ ಇಟ್ಟುಬಿಡುವಳು, ನನಗೆ ಎಟುಕುವುದಿಲ್ಲ. "ನಿನ್ನ ಉದ್ದ ಕೈಗೆ ಬೆಂಕಿ ಹಾಕ" ಅಂತ ನಡುಹೊಳೆಯಲ್ಲಿ ಬೈದರೆ, "ಸ್ಟೂಲು ಮಾಡಿಸಿಕೋ, ಕುಳ್ಳಿ" ಅನ್ನುತ್ತಿದ್ದಳು. ಅಷ್ಟರಲ್ಲಿ ದೋಣಿ ದೂರವಾಗಿಬಿಡುತ್ತಿತ್ತು.

ನನ್ನ ಒಬ್ಬಳೇ ಮಗಳು ಚಂಥಾಳನ್ನು ಪಡುವಣಕ್ಕೆ ಕೊಟ್ಟೆ. ಅದೇ ದಿನ ಅಲ್ಲಿಂದ ಒಂದು ಹುಡುಗಿಯನ್ನು ಮೂಡಣಕ್ಕೆ ತಂದರು, ಒಬ್ಬಳಿಗೆ ಒಬ್ಬಳು. ಮಗಳ ಮುಖ ನೋಡಬೇಕೆಂದರೆ ಬೋಫಾ ಒಲೆ ಮಾರಲು ಹೊರಡಬೇಕಾಗಿತ್ತು. ಅವಳಿಗೂ ಅದು ತಿಳಿದಿತ್ತು. ಒಲೆ ಖರ್ಚಾಗದ ಶ್ರಾವಣದಲ್ಲೂ ನಾಲ್ಕು ಒಲೆ ಹೊತ್ತುಕೊಂಡು ಬರುವಳು. ಯಾಕೆ ಬಂದೆ ಅಂದರೆ, "ನಿನ್ನ ಮನೆಯಲ್ಲಿ ಗಾಳಿ ಚೆನ್ನಾಗಿದೆ" ಅನ್ನುವಳು. ಸುಳ್ಳು. ನನ್ನ ಮನೆಯಲ್ಲಿ ಎಂಥ ಗಾಳಿ, ಮೂರು ಕಡೆ ಗೋಡೆ.

ಹೀಗಿರುವಾಗ ಎರಡು ಸರ್ಕಾರಗಳಿಗೂ ನೆರೆಹೊರೆಯ ಮೇಲೆ ಪ್ರೀತಿ ಹುಟ್ಟಿತು. ಸೇತುವೆ ಆಗುತ್ತದೆ ಅಂದರು. ಲಾರಿ ಓಡಾಡುತ್ತದೆ, ವ್ಯಾಪಾರ ಹೆಚ್ಚುತ್ತದೆ, ಸಮುದ್ರದ ಬಂದರಿನಿಂದ ಬೆಟ್ಟದ ದೇಶಗಳ ತನಕ ಒಂದೇ ರಸ್ತೆ, ಜನ ಜನ ಹತ್ತಿರವಾಗುತ್ತಾರೆ. ಕೈಕುಲುಕುವ ಎರಡು ಕೈಗಳ ಚಿತ್ರ ಬರೆದ ಬ್ಯಾನರುಗಳು ಎರಡೂ ಕಡವಿನ ಮೇಲೆ ಬಂದವು. ದೋಣಿ ಹತ್ತುವ ಜಾಗಕ್ಕೆ ನಾವು ಕಡವು ಅನ್ನುತ್ತೇವೆ. ಹೊಳೆ ಸೇತುವೆಯನ್ನು ಒಪ್ಪುವುದಿಲ್ಲ, ಕಂಬ ನಿಲ್ಲುವುದಿಲ್ಲ ಅಂತ ಮುದುಕರು ಮೂರು ವರ್ಷ ಕಾದರು. ಕಂಬಗಳು ನಿಂತವು. ನೀರು ಮುಟ್ಟದೆ ಮೇಲೆ ಹೋಗುವವರ ವಿಷಯ ಹೊಳೆಗೆ ಬೇಕಿರಲಿಲ್ಲವೇನೋ. ನಾನಂತೂ ಖುಷಿಪಟ್ಟೆ, ಸುಳ್ಳು ಯಾಕೆ ಹೇಳಲಿ. ಮೊದಲ ದಿನ ಹೊಸ ಬಟ್ಟೆ ಉಟ್ಟು ಸೇತುವೆಯ ಮೇಲೆ ನಡೆಯಬೇಕು ಅಂತ ಬಟ್ಟೆ ನೇಯಿಸಿಟ್ಟೆ.

ಆ ವರ್ಷವೇ ಚಂಥಾ ಬಸುರಿ. ಹಿಂದಿನ ಎರಡು ಸಲ ಸತ್ತೇ ಹುಟ್ಟಿದ್ದವು. ಈ ಸಲ ನಾನು ಪಕ್ಕದಲ್ಲಿರಬೇಕು ಅಂತ ನಮ್ಮ ಕಡೆಯ ಅಂಬಿಗನ ಮೂಲಕ ಪಡುವಣದ ಅಂಬಿಗ ತನೋಮನಿಗೆ ಹೇಳಿ ಕಳಿಸಿದೆ. ಬೋಫಾ ಬಂದಳು. ನಡುಹೊಳೆಯಲ್ಲಿ ಕೈ ಹಿಡಿದಾಗ ಅವಳ ಕೈ ಸುಡುತ್ತಿತ್ತು. ಗಂಟಿನಲ್ಲಿ ಒಲೆ ಇರಲಿಲ್ಲ.

"ಜ್ವರ ಇದೆಯಲ್ಲೇ" ಅಂದೆ.

"ಕೆಮ್ಮು ಅಷ್ಟೆ. ಹೋಗು, ಹುಡುಗಿ ಕಾಯುತ್ತಿದ್ದಾಳೆ. ಹೆರಿಗೆ ಆದ ಕೂಡಲೇ ಬಾ" ಅಂದಳು. ಮೊದಲ ಸಲ ಅವಳು ನನಗೆ ಬಾ ಅಂದದ್ದು.

ಸೇತುವೆ ತೆರೆಯುವುದು ಬರುವ ಸೋಮವಾರ ಅಂತ ಗೊತ್ತಾಗಿತ್ತು. ಅದಕ್ಕೆ ಐದು ದಿನ ಮುಂಚೆ, ಬುಧವಾರ, ದೋಣಿಗಳಿಗೆ ಕೊನೆಯ ದಿನ. ದೋಣಿಗಳನ್ನು ದಡಕ್ಕೆಳೆದು, ಬಣ್ಣ ಬಳಿದು, ಸಮಾರಂಭದ ದಿನ ಹೂ ಹಾಕಿ ನಿಲ್ಲಿಸುವುದು ಅಂತ ತೀರ್ಮಾನ. ಆ ಬುಧವಾರಕ್ಕೆ ಎರಡು ದಿನ ಮುಂಚೆ, ಸೋಮವಾರ ಮಧ್ಯಾಹ್ನ, ತನೋಮ ಬಂದು ಚಂಥಾಳ ಮನೆ ಬಾಗಿಲಲ್ಲಿ ನಿಂತ. ಬೋಫಾಳ ಎದೆ ಕಟ್ಟಿದೆ, ತನ್ನ ಮನೆಗೆ ಹೋಗಿ ಮಲಗಬೇಕು ಅನ್ನುತ್ತಿದ್ದಾಳೆ, ನೀವು ಬಂದರೆ ಅವಳು ಬರುತ್ತಾಳೆ ಅಂದ. ಒಳಗೆ ಚಂಥಾಗೆ ನೋವು ಶುರುವಾಗಿತ್ತು. ಹೇಗೆ ಬರಲಿ ಅಂದೆ. ಅವನಿಗೂ ಅರ್ಥವಾಯಿತು, ಹೋದ.

ಮಂಗಳವಾರ ಬೆಳಿಗ್ಗೆ ಮಗು ಹುಟ್ಟಿತು. ಹೆಣ್ಣು. ಅತ್ತಿತು. ಆ ಮನೆಯಲ್ಲಿ ಅದುವರೆಗೆ ಕೂಸು ಅತ್ತದ್ದನ್ನು ಯಾರೂ ಕೇಳಿರಲಿಲ್ಲ. ಅಳಿಯ ಅಂಗಳಕ್ಕೆ ಹೋಗಿ ಗೋಡೆಗೆ ಹಣೆ ಕೊಟ್ಟು ನಿಂತ.

ಬುಧವಾರ ತನೋಮ ಮತ್ತೆ ಬಂದ. ಕಡೇ ದೋಣಿ ಹೊರಡುತ್ತಿದೆ ಅಂದ. ನಾನು ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ತೊಡೆಯ ಮೇಲೆ ಬೆಚ್ಚಗೆ ಬಿದ್ದುಕೊಂಡು ನನ್ನ ಬೆರಳು ಹಿಡಿದಿತ್ತು. ಚಂಥಾ ಚೆನ್ನಾಗಿಯೇ ಇದ್ದಳು, ಗಂಜಿ ಕುಡಿದು ಮಲಗಿದ್ದಳು. ಅವಳ ಅತ್ತೆ ಇದ್ದರು, ನೆರೆಯವರು ಇದ್ದರು. ನಾನು ಎದ್ದು ಹೋಗಬಹುದಾಗಿತ್ತು. ಇದನ್ನು ನಾನು ಎಷ್ಟು ಸಲ ತಿರುವಿ ಹಾಕಿ ನೋಡಿದರೂ ಅಷ್ಟೇ, ಹೋಗಬಹುದಾಗಿತ್ತು. ಆದರೆ ಹೋದರೆ ಸೋಮವಾರ ಸೇತುವೆಯ ಮೇಲೆ ಮಗುವನ್ನು ಎತ್ತಿಕೊಂಡು ನಡೆಯುವವಳು ನಾನಾಗುತ್ತಿರಲಿಲ್ಲ. ಐದು ದಿನ ತಾನೆ ಅಂದುಕೊಂಡೆ.

"ಇನ್ನೂ ಹೆರಿಗೆ ಆಗಿಲ್ಲ ಅಂತ ಹೇಳಿಬಿಡು" ಅಂದೆ. "ಐದು ದಿನ ತಾಳಲಿ. ಸೇತುವೆ ತೆರೆದ ಕೂಡಲೇ ನಾನೇ ಬಂದು ಕಾರಿನಲ್ಲಿ ಕೂರಿಸಿಕೊಂಡು ಬರುತ್ತೇನೆ. ದೋಣಿಯ ಗಾಳಿಯಲ್ಲಿ ಅವಳನ್ನು ಯಾಕೆ ಒದ್ದೆ ಮಾಡುವುದು."

ತನೋಮ ಮಗುವನ್ನು ನೋಡಿದ, ನನ್ನನ್ನು ನೋಡಿದ. "ಥೀದಾ ಅಕ್ಕ, ದೋಣಿ ನಮ್ಮದು, ಸೇತುವೆ ಸರ್ಕಾರದ್ದು. ಯೋಚನೆ ಮಾಡಿ" ಅಂದ.

"ಮಾಡಿದ್ದೇನೆ ಹೋಗಪ್ಪ" ಅಂದೆ. ಅವನು ಹೋಗಿ, ನಡುಹೊಳೆಯಲ್ಲಿ ಮೂಡಣದ ಅಂಬಿಗನಿಗೆ ನನ್ನ ಸುಳ್ಳನ್ನು ಒಪ್ಪಿಸಿ, ದೋಣಿಯನ್ನು ದಡಕ್ಕೆಳೆದ.

ಸೋಮವಾರ ಸೇತುವೆ ತೆರೆಯಲಿಲ್ಲ. ಪಡುವಣದ ದೇಶದಲ್ಲಿ ಗಾಡಿಗಳು ರಸ್ತೆಯ ಎಡಕ್ಕೆ ಓಡುತ್ತವೆ, ಮೂಡಣದಲ್ಲಿ ಬಲಕ್ಕೆ. ಸೇತುವೆಯ ಮೇಲೆ ಎಲ್ಲಿ ಎಡ ಬಲವಾಗಬೇಕು, ಯಾವ ದೇಶದ ನೆಲದ ಮೇಲೆ ಆಗಬೇಕು ಅನ್ನುವುದು ಮೂರು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇವರು ನಿಮ್ಮ ಕಡೆ ತಿರುಗಿಸಿ ಅಂದರು, ಅವರು ನಿಮ್ಮ ಕಡೆ ಅಂದರು. ಕಾಗದಗಳು ಎರಡು ರಾಜಧಾನಿಗಳಿಗೆ ಹೋದವು. ಮುಗಿದ ಸೇತುವೆ ಎರಡು ತುದಿಗೂ ತಡಿಕೆ ಕಟ್ಟಿಸಿಕೊಂಡು, ಒಂದು ನಾಯಿಯೂ ನಡೆಯದೆ ಬಿಸಿಲಲ್ಲಿ ಬಿದ್ದಿತ್ತು. ದಿನ ದಿನಕ್ಕೆ ಐದು ದಿನ ಇಪ್ಪತ್ತಾಯಿತು, ಮೂವತ್ತಾಯಿತು.

ಮೊದಲ ವಾರದಲ್ಲೇ ನಾನು ತಡಿಕೆಯ ಹತ್ತಿರ ಹೋಗಿ ಬೇಡಿಕೊಂಡೆ. ಕಾವಲಿನ ಅಧಿಕಾರಿ ಒಳ್ಳೆಯವನೇ, ಕುರ್ಚಿ ಕೊಟ್ಟು ಕೂರಿಸಿದ. "ನೀವು ಹೇಳುವುದು ನನಗೆ ಅರ್ಥವಾಗುತ್ತದೆ ಅಮ್ಮ. ಆದರೆ ಉದ್ಘಾಟನೆಯಾಗದ ಸೇತುವೆ ಕಾಗದದ ಮೇಲೆ ಇನ್ನೂ ಸೇತುವೆಯಲ್ಲ. ಇಲ್ಲದ ಸೇತುವೆಯ ಮೇಲೆ ನಿಮ್ಮನ್ನು ಹೇಗೆ ಬಿಡಲಿ?" ಅಂದ. ತನೋಮನ ಕಾಲು ಹಿಡಿದೆ. ಬಣ್ಣ ಆರದ ದೋಣಿಯನ್ನು ಅವನು ಕದ್ದು ನೀರಿಗಿಳಿಸಿದ. ಎದುರಿನಿಂದ ಯಾವ ದೋಣಿಯೂ ಬರದೆ ನಡುನೀರಿನಿಂದ ಅದು ನಮ್ಮನ್ನು ವಾಪಸ್ಸು ತಂದು ಬಿಟ್ಟಿತು. ಮಾರನೆಯ ದಿನ ಕಾವಲಿನವರು ದೋಣಿಗೆ ಸರಪಳಿ ಹಾಕಿದರು.

ಆಮೇಲೆ ನನಗೆ ಉಳಿದದ್ದು ಕಡವಿನಲ್ಲಿ ಕೂರುವುದೊಂದೇ. ಬೆಳಿಗ್ಗೆ ಮಗುವಿಗೆ ನೀರು ಹಾಕಿ, ನನ್ನ ಕೆಂಪು ಚಾಪೆ ಹಿಡಿದುಕೊಂಡು ಹೋಗಿ ಹಾಸಿ ಕೂರುತ್ತಿದ್ದೆ. ನಮ್ಮ ಹೊಳೆ ಅಗಲ, ಆ ದಂಡೆಯ ಮನುಷ್ಯ ಅಕ್ಕಿಕಾಳಷ್ಟು ಕಾಣುತ್ತಾನೆ. ಮೂಡಣದ ಕಡವಿನಲ್ಲಿ ಏನೂ ಕಾಣುತ್ತಿರಲಿಲ್ಲ. ಮೆಟ್ಟಿಲ ಮೇಲೆ ಒಂದು ಬಿಳಿ ಮೂಟೆ ಮಾತ್ರ ಇತ್ತು. ಸೇತುವೆಯವರು ಬಿಟ್ಟುಹೋದ ಸಿಮೆಂಟ್ ಮೂಟೆ ಅಂದುಕೊಂಡೆ. ಮಳೆ ಬಂದರೆ ಕಲ್ಲಾಗುತ್ತದಲ್ಲ, ಯಾರಾದರೂ ಎತ್ತಿಡಬಾರದೇ ಅಂತ ಅನಿಸಿತ್ತು. ಒಂದು ದಿನ ನೋಡಿದರೆ ಮೂಟೆ ಇರಲಿಲ್ಲ. ಅಂತೂ ಎತ್ತಿಟ್ಟರು ಅಂದುಕೊಂಡೆ.

ಮೂವತ್ತೆಂಟನೆಯ ದಿನ ಸೇತುವೆ ತೆರೆಯಿತು. ನಟ್ಟನಡುವೆ ಹಳದಿ ಗೆರೆ ಎಳೆದು, ಅಲ್ಲಿ ಎಡದವರು ಬಲಕ್ಕೆ ಬಲದವರು ಎಡಕ್ಕೆ ಅಂತ ಒಪ್ಪಂದವಾಯಿತು. ಬ್ಯಾಂಡು, ಭಾಷಣ, ಎರಡು ದೇಶದ ಮಂತ್ರಿಗಳು ಒಂದೇ ಕತ್ತರಿ ಹಿಡಿದು ಒಂದೇ ಪಟ್ಟಿ ಕತ್ತರಿಸಿದರು. ನಾನು ಹೊಸ ಬಟ್ಟೆ ಉಟ್ಟಿದ್ದೆ. ಒಂದು ಕೈಯಲ್ಲಿ ಬೋಫಾಗೆ ಅಂತ ಬಿಸಿ ಗಂಜಿಯ ಡಬ್ಬಿ, ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡ ಚಂಥಾ. ಸಂಜೆ ಕರೆತರಲು ಅಳಿಯ ಕಾರು ಗೊತ್ತು ಮಾಡಿದ್ದ. ಸೇತುವೆಯ ಮೇಲೆ ಜಾತ್ರೆಯಷ್ಟು ಜನ. ಹಳದಿ ಗೆರೆಯ ಹತ್ತಿರ ಎದುರಿನಿಂದ ಬುವಾ ಅಕ್ಕ ಬರುತ್ತಿರುವುದು ಕಂಡಿತು. ಬುವಾ ಅಕ್ಕ ಮೂಡಣದಲ್ಲಿ ನನ್ನ ಪಕ್ಕದ ಮನೆಯವಳು. ಅವಳ ಕೈಯಲ್ಲಿ ನನ್ನ ಮನೆಯ ಬೀಗದ ಕೈ ಇತ್ತು.

"ಇಲ್ಲೇ ಸಿಕ್ಕಿದೆಯಲ್ಲ, ಒಳ್ಳೆಯದಾಯಿತು" ಅಂದಳು. "ಬೋಫಾ ಹೋಗಿ ಒಂಬತ್ತು ದಿನ ಆಯ್ತು."

ಲಾರಿಗಳು ಹಾರನ್ನು ಹೊಡೆದು ಹೋಗುತ್ತಿದ್ದವು. ಬುವಾ ಅಕ್ಕ ನನ್ನನ್ನು ಕಟಕಟೆಯ ಕಡೆಗೆ ಎಳೆದು ನಿಲ್ಲಿಸಿದಳು.

"ದಿನಾ ಬೆಳಿಗ್ಗೆ ಕಡವಿಗೆ ಕರೆದುಕೊಂಡು ಹೋಗು ಅನ್ನೋಳು. ನಿನ್ನ ಬಿಳಿ ಕಂಬಳಿ ಹೊದ್ದುಕೊಂಡು, ಬೀಗದ ಕೈ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರೋಳು. ಕತ್ತಲಾಗೋ ಮುಂಚೆ ನಾವು ಎತ್ತಿಕೊಂಡು ಬರ್ತಿದ್ವಿ. ನಿನ್ನ ಕೆಂಪು ಚಾಪೆ ಕಾಣೋದು ಅವಳಿಗೆ. ನೋಡು ಬುವಾ, ಥೀದಾ ಬಂದು ಕೂತಿದ್ದಾಳೆ ಅನ್ನೋಳು. ಅದನ್ನು ನೋಡಿದ ದಿನ ಎರಡು ತುತ್ತು ಜಾಸ್ತಿ ತಿನ್ನೋಳು."

"ನನ್ನನ್ನು ಬೈದಳಾ?" ಅಂತ ಕೇಳಿದೆ.

"ಬೈಯ್ಯೋದಾ? ಇಷ್ಟು ದಿನ ಆದ್ರೂ ಹುಡುಗಿಗೆ ಹೆರಿಗೆ ಆಗಲಿಲ್ವಲ್ಲ ಅಂತ ಅದೇ ಕೊರಗು ಅವಳಿಗೆ. ಈ ಸಲವೂ ಏನಾದ್ರೂ ಹೆಚ್ಚುಕಮ್ಮಿ ಆಗಿದೆ, ಅದಕ್ಕೇ ಥೀದಾ ಹೇಳ್ತಿಲ್ಲ ಅಂತ. ಚಂಥಾ ಹೆಸರಲ್ಲಿ ಹರಕೆ ಹೊತ್ತು, ಕಡೇ ವಾರ ಒಂದೇ ಹೊತ್ತು ಉಂಡಳು. ಬೇಡ ಅಂದ್ರೂ ಕೇಳಲಿಲ್ಲ. ನೀನು ನಿನಗೆ ಅಂತ ಹುಣಸೆಮರದ ಕೆಳಗೆ ಹಿಡಿದಿಟ್ಟಿದ್ದ ಜಾಗದಲ್ಲೇ ಮಣ್ಣು ಮಾಡಿದ್ವಿ. ನಿನ್ನ ಬದಲಿ ತಾನೆ, ಬೇರೆ ಎಲ್ಲಿಡೋದು."

ಆಮೇಲೆ ಅವಳು ಮಗುವನ್ನು ನೋಡಿದಳು. ಕೆನ್ನೆ ಮುಟ್ಟಿದಳು. "ಅಂತೂ ಕಣ್ತುಂಬ ಕಂಡೆ. ಯಾವಾಗ ಹುಟ್ಟಿತು ಕಂದ ಇದು?" ಅಂತ ಚಂಥಾಳನ್ನು ಕೇಳಿದಳು.

ಚಂಥಾಗೆ ಏನು ಗೊತ್ತು, ಪಾಪ. "ಕಡೇ ದೋಣಿ ಹೋಯ್ತಲ್ಲ ದೊಡ್ಡಮ್ಮ, ಅದರ ಹಿಂದಿನ ದಿನ ಬೆಳಿಗ್ಗೆ" ಅಂದಳು.

ಬುವಾ ಅಕ್ಕ ಮನಸ್ಸಿನಲ್ಲೇ ಬುಧವಾರಕ್ಕೆ ಹೋಗಿ ಬಂದದ್ದು ಅವಳ ಮುಖದಲ್ಲಿ ನನಗೆ ಕಾಣಿಸಿತು. ನನ್ನ ಕೈ ಹಿಡಿಯಲಿಲ್ಲ. ಬೀಗದ ಕೈಯನ್ನು ಕಟಕಟೆಯ ಮೇಲೆ ಇಟ್ಟು, ತಲೆಯ ಬಟ್ಟೆ ಸರಿಮಾಡಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದಳು. ಬೈಗುಳ ತಿಂದಿದ್ದರೆ ಅರಗಿಸಿಕೊಳ್ಳುತ್ತಿದ್ದೆ.

ನಾನು ಹಳದಿ ಗೆರೆ ದಾಟಲಿಲ್ಲ. ಕಾವಲಿನವನು "ನಡುವೆ ನಿಲ್ಲಬಾರದು ಅಮ್ಮ, ಮುಂದೆ ನಡೀರಿ" ಅಂದ. ಎದುರಿನಿಂದ ನೂರು ಜನ ಬರುತ್ತಿದ್ದರು, ಯಾರೂ ಕೈ ಚಾಚುತ್ತಿರಲಿಲ್ಲ. ಕೀಲಿ ತೆಗೆದುಕೊಂಡು ಹಿಂದಕ್ಕೆ ತಿರುಗಿದೆ. ಗಂಜಿ ಯಾರು ತಿಂದರೋ ತಿಳಿಯದು.

ಏಳು ವರ್ಷವಾಯಿತು. ಬೋಫಾಳ ಮನೆಯಲ್ಲೇ ಇದ್ದೇನೆ, ಮಂಚದ ಗೋಡೆಯ ಕಡೆಯ ಗುಳಿಯಲ್ಲಿ ಮಲಗುತ್ತೇನೆ. ಬದಲಿ ಸತ್ತರೆ ಉಳಿದವರು ಇದ್ದಲ್ಲೇ ಉಳಿಯಬೇಕು, ನಾನು ಉಳಿದಿದ್ದೇನೆ. ಚಂಥಾಗೆ ಆಮೇಲೆ ನಾನೇ ಎಲ್ಲ ಹೇಳಿದೆ. ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. ಈಗ ಬಂದು, "ಅಮ್ಮ, ಹತ್ತು ನಿಮಿಷದ ದಾರಿ, ಒಂದು ಸಲ ಹೋಗಿ ಆ ಮರದ ಕೆಳಗೆ ಒಂದು ಹೂವಾದರೂ ಇಟ್ಟು ಬಾ" ಅನ್ನುತ್ತಾಳೆ. ಬೋಫಾ ಈಚೆ ಬರದೆ ನಾನು ಆಚೆ ಹೇಗೆ ಹೋಗಲಿ ಅನ್ನುತ್ತೇನೆ. ಮೊಮ್ಮಗಳು ಮಾತ್ರ ವಾರಕ್ಕೆ ಎರಡು ಸಲ ಸೇತುವೆಯ ಮೇಲೆ ಓಡಿ ಹೋಗಿ ಓಡಿ ಬರುತ್ತಾಳೆ. ಬದಲಿ ಅಂದರೇನು ಅಂತ ಕೇಳುತ್ತಾಳೆ, ಹೇಳಿದರೆ ನಗುತ್ತಾಳೆ.

ವ್ಯಾಪಾರ ಬೆಳೆದಿದೆ, ಇಲ್ಲ ಅನ್ನಲಾರೆ. ದಿನಕ್ಕೆ ನಾನೂರು ಲಾರಿ ಹೋಗುತ್ತವಂತೆ, ಒಂದೂ ನಿಲ್ಲುವುದಿಲ್ಲ. ಎಲ್ಲಿಂದಲೋ ಪ್ಲಾಸ್ಟಿಕ್ ಚಾಪೆ ಬರುತ್ತದೆ, ಮದುವೆಗೂ ಅದನ್ನೇ ಹಾಸುತ್ತಾರೆ. ಹಬ್ಬದ ದಿನ ನನ್ನ ಬಾಗಿಲಿಗೆ ಅಡುಗೆ ಬರುತ್ತಿತ್ತು, ಆ ರೂಢಿಯೂ ನಿಂತಿತು. ಬಣ್ಣ ಬಳಿದ ದೋಣಿಗಳು ಪಾರ್ಕಿನಲ್ಲಿವೆ, ಜನ ಅದರಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ತನೋಮ ಅಲ್ಲಿ ಕಾವಲಿಗಿದ್ದಾನೆ. ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಾನೆ.

ನಾನು ಈಗಲೂ ಬೆಳಿಗ್ಗೆ ಕಡವಿಗೆ ಹೋಗುತ್ತೇನೆ. ಮೂಡಣದ ಮೆಟ್ಟಿಲ ಮೇಲೆ ಏನೇ ಕಂಡರೂ, ಚೀಲವಾಗಲಿ, ಕಲ್ಲಾಗಲಿ, ಬುಟ್ಟಿಯಾಗಲಿ, ಎದ್ದು ನಿಂತು ಕೈ ಎತ್ತುತ್ತೇನೆ. ಬಿಳಿ ಬಟ್ಟೆ ಉಡುವುದನ್ನು ಬಿಟ್ಟಿದ್ದೇನೆ. ಈ ವಯಸ್ಸಿನಲ್ಲಿ ಇವಳಿಗೇನು ಬಂತು ಅಂತ ಜನ ಆಡಿಕೊಂಡರೂ ಕೆಂಪನ್ನೇ ಉಡುತ್ತೇನೆ. ಆ ದಂಡೆಯಿಂದ ನೋಡಿದವರಿಗೆ ಇಲ್ಲೊಂದು ಮನುಷ್ಯಜೀವ ಕೂತಿದೆ ಅಂತಾದರೂ ಗೊತ್ತಾಗಲಿ.